‘ಕೀಮೋಗಿಂತ ಹತ್ತು ಸಾವಿರ ಪಟ್ಟು’: ಈ ಮಾತು ಎಲ್ಲಿಂದ ಬಂತು?

ಪ್ರಶ್ನೆ: ನನ್ನ ತಾಯಿಗೆ 61 ವರ್ಷ. ದೊಡ್ಡ ಕರುಳಿನ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆ ಆಗಿ ನಾಲ್ಕು ವಾರ ಕಳೆದಿದೆ. ಪಕ್ಕದ ದುಗ್ಧರಸ ಗ್ರಂಥಿಯಲ್ಲೂ ಕ್ಯಾನ್ಸರ್ ಕೋಶಗಳು ಕಂಡುಬಂದಿದ್ದರಿಂದ ಕೀಮೋಥೆರಪಿ ಬೇಕು ಎಂದಿದ್ದಾರೆ. ಲಕ್ಷ್ಮಣಫಲದ ಎಲೆಯ ಕಷಾಯ ಕೀಮೋಗಿಂತ ಹತ್ತು ಸಾವಿರ ಪಟ್ಟು ಪ್ರಬಲ, ಅಡ್ಡಪರಿಣಾಮವೂ ಇಲ್ಲ ಎಂಬ ಸಂದೇಶವನ್ನು ಬಂಧುಗಳು ದಿನಾ ಕಳುಹಿಸುತ್ತಿದ್ದಾರೆ. ಅರಿಶಿನದಿಂದ ತೆಗೆದ ಕರ್ಕ್ಯುಮಿನ್ ಮಾತ್ರೆ, ಹಸಿರು ಚಹಾ ಸಾರದ ಕ್ಯಾಪ್ಸೂಲ್‌ಗಳನ್ನೂ ತಂದುಕೊಟ್ಟಿದ್ದಾರೆ. ಎರಡು ತಿಂಗಳು ಕೀಮೋ ಮುಂದೂಡಿ ಇವುಗಳನ್ನು ಕೊಟ್ಟು ನೋಡಬಹುದೇ? ಅಥವಾ ಕೀಮೋ ಜೊತೆಗೇ ಕೊಡಬಹುದೇ? ಗಿಡಗಳಲ್ಲಿ ಕ್ಯಾನ್ಸರ್ ಕೊಲ್ಲುವ ಅಂಶ ನಿಜವಾಗಿಯೂ ಇದೆಯೇ? ಆ ಲಕ್ಷ್ಮಣಫಲದ ಹಣ್ಣನ್ನಾದರೂ ಅವರು ತಿನ್ನಬಹುದೇ?

ಉತ್ತರ: ಮೊದಲು ತುರ್ತಿನ ಮಾತು ಹೇಳಿಬಿಡುತ್ತೇನೆ. ಕೀಮೋವನ್ನು ಮುಂದೂಡಬೇಡಿ. ಕರುಳಿನ ಶಸ್ತ್ರಚಿಕಿತ್ಸೆಯ ನಂತರ ಕೊಡುವ ಕೀಮೋ ಆರರಿಂದ ಎಂಟು ವಾರಗಳ ಒಳಗೆ ಆರಂಭವಾಗಬೇಕು. ತಡವಾದಷ್ಟೂ ಅದರ ಪ್ರಯೋಜನ ಕುಗ್ಗುತ್ತದೆ. ನಿಮ್ಮ ತಾಯಿಯವರಿಗೆ ನಾಲ್ಕು ವಾರ ಈಗಾಗಲೇ ಕಳೆದಿದೆ. ಇನ್ನು ಎರಡು ತಿಂಗಳು ಸೇರಿದರೆ ಮೂರು ತಿಂಗಳಾಗುತ್ತದೆ. ಗಡ್ಡೆಯನ್ನು ತೆಗೆದ ಮೇಲೂ ಕಣ್ಣಿಗಾಗಲಿ ಸ್ಕ್ಯಾನ್‌ಗಾಗಲಿ ಕಾಣದಂತೆ ಉಳಿದಿರಬಹುದಾದ ಕೋಶಗಳನ್ನು ಮುಗಿಸಲೆಂದೇ ಈ ಚಿಕಿತ್ಸೆ. ಆ ಕೋಶಗಳು ನಮ್ಮ ಪ್ರಯೋಗ ಮುಗಿಯುವವರೆಗೆ ಕಾಯುತ್ತಾ ಕೂರುವುದಿಲ್ಲ.

ಇನ್ನು ನಿಮ್ಮ ಮೂಲ ಪ್ರಶ್ನೆ. ಗಿಡಗಳಲ್ಲಿ ಕ್ಯಾನ್ಸರ್ ಕೋಶಗಳನ್ನು ಕೊಲ್ಲುವ ಅಂಶಗಳು ಖಂಡಿತ ಇವೆ. ನನ್ನ ವೃತ್ತಿಯ ಬಹುಭಾಗ ಅವುಗಳ ಬೆನ್ನು ಹತ್ತಿಯೇ ಕಳೆದಿದೆ. ಆದ್ದರಿಂದ ನಿಮ್ಮ ಬಂಧುಗಳ ನಂಬಿಕೆಯನ್ನು ಮೂಢನಂಬಿಕೆ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಆ ನಂಬಿಕೆಯ ಒಂದು ತುದಿ ಸತ್ಯವನ್ನೇ ಮುಟ್ಟಿದೆ. ಆದರೆ ಗಿಡದಿಂದ ರೋಗಿಯವರೆಗಿನ ದಾರಿಯಲ್ಲಿ ಏನೇನು ನಡೆಯುತ್ತದೆ ಎಂಬುದನ್ನು ಆ ಸಂದೇಶಗಳು ಹೇಳುವುದಿಲ್ಲ.

ಹತ್ತು ಸಾವಿರ ಪಟ್ಟಿನ ಮಾತನ್ನೇ ತೆಗೆದುಕೊಳ್ಳಿ. ಅದನ್ನು ಯಾರೋ ಕಟ್ಟಿ ಹೇಳಿದ್ದಲ್ಲ. 1996ರಲ್ಲಿ ಪ್ರಕಟವಾದ ಒಂದು ಸಂಶೋಧನಾ ಲೇಖನದಲ್ಲಿ ಆ ಸಂಖ್ಯೆ ನಿಜವಾಗಿಯೂ ಇದೆ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ರಸಾಯನ ವಿಜ್ಞಾನಿಗಳು ಲಕ್ಷ್ಮಣಫಲದ ಬೀಜಗಳಿಂದ ಕೆಲವು ಹೊಸ ಅಣುಗಳನ್ನು ಬೇರ್ಪಡಿಸಿದರು. ಅವುಗಳಲ್ಲಿ ಒಂದು, ಎಚ್‌ಟಿ-29 ಎಂಬ ಕರುಳಿನ ಕ್ಯಾನ್ಸರ್ ಕೋಶಗಳ ಮೇಲೆ ಅಡ್ರಿಯಾಮೈಸಿನ್ ಎಂಬ ಕೀಮೋ ಔಷಧಿಗಿಂತ ಹತ್ತು ಸಾವಿರ ಪಟ್ಟು ಪ್ರಬಲವಾಗಿ ಕಂಡಿತು. ಇಲ್ಲಿ ಸ್ವಲ್ಪ ನಿಂತು ನೋಡಿ. ಪರೀಕ್ಷೆಗೊಳಗಾದದ್ದು ಬೀಜದಿಂದ ಶುದ್ಧೀಕರಿಸಿದ ಒಂದೇ ಒಂದು ಅಣು. ಎಲೆಯ ಕಷಾಯವೂ ಅಲ್ಲ, ಹಣ್ಣಿನ ರಸವೂ ಅಲ್ಲ. ಪರೀಕ್ಷೆ ನಡೆದದ್ದು ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಸಿದ ಕೋಶಗಳಲ್ಲಿ. ಇಲಿಯನ್ನೂ ಮುಟ್ಟಿರಲಿಲ್ಲ, ಮನುಷ್ಯರಂತೂ ದೂರವೇ ಉಳಿಯಿತು. ಎಲ್ಲಕ್ಕಿಂತ ಮುಖ್ಯವಾಗಿ, ಹೋಲಿಕೆಗೆ ಬಳಸಿದ ಅಡ್ರಿಯಾಮೈಸಿನ್ ಕರುಳಿನ ಕ್ಯಾನ್ಸರ್‌ಗೆ ಕೊಡುವ ಔಷಧಿಯೇ ಅಲ್ಲ. ಸ್ತನ ಕ್ಯಾನ್ಸರ್, ಲಿಂಫೋಮಾಗಳಲ್ಲಿ ಅದು ಒಳ್ಳೆಯ ಕೆಲಸ ಮಾಡುತ್ತದೆ. ಆದರೆ ಕರುಳಿನ ಕೋಶಗಳು ಅದನ್ನು ಒಳಗೆ ಬಿಟ್ಟುಕೊಂಡರೂ ಪಂಪು ಮಾಡಿ ಹೊರಗೆ ಹಾಕುವುದರಲ್ಲಿ ನಿಪುಣ. ನಾಟದ ಔಷಧಿಯ ಪಕ್ಕದಲ್ಲಿಟ್ಟರೆ ಯಾವುದೇ ವಸ್ತು ದೈತ್ಯನಂತೆ ಕಾಣುತ್ತದೆ. ‘ಪ್ರಬಲ’ ಎಂಬ ಪದಕ್ಕೆ ಪ್ರಯೋಗಾಲಯದಲ್ಲಿರುವ ಅರ್ಥವೂ ಸೀಮಿತವಾದದ್ದು. ಕಡಿಮೆ ಪ್ರಮಾಣದಲ್ಲಿ ಕೋಶ ಸತ್ತಿತು ಎಂದಷ್ಟೇ ಅದು ಹೇಳುತ್ತದೆ. ಹಾಗೆ ನೋಡಿದರೆ ಸಯನೈಡೂ ಬಹಳ ಪ್ರಬಲವಾದದ್ದೇ.

ತಟ್ಟೆಯಲ್ಲಿ ಕೋಶ ಸಾಯುವುದನ್ನು ನಾನು ಸಾವಿರಾರು ಸಲ ನೋಡಿದ್ದೇನೆ. ಅಂಗೈಯಗಲದ ಪ್ಲಾಸ್ಟಿಕ್ ತಟ್ಟೆ, ಅದರಲ್ಲಿ 96 ಪುಟ್ಟ ಗುಳಿಗಳು. ಪ್ರತಿ ಗುಳಿಯಲ್ಲೂ ಕೆಲವು ಸಾವಿರ ಕ್ಯಾನ್ಸರ್ ಕೋಶಗಳನ್ನು ಪೋಷಕ ದ್ರವದಲ್ಲಿ ಬೆಳೆಸಿ, ಗಿಡದ ಸಾರವನ್ನು ಏರುವ ಪ್ರಮಾಣದಲ್ಲಿ ಹಾಕಿ, ಎರಡು ಮೂರು ದಿನ ಬಿಡುತ್ತೇವೆ. ಆಮೇಲೆ ಎಂಟಿಟಿ ಎಂಬ ಹಳದಿ ಬಣ್ಣದ ವಸ್ತುವನ್ನು ಸೇರಿಸುತ್ತೇವೆ. ಬದುಕಿರುವ ಕೋಶ ಅದನ್ನು ಗಾಢ ನೇರಳೆ ಬಣ್ಣಕ್ಕೆ ತಿರುಗಿಸುತ್ತದೆ, ಸತ್ತ ಕೋಶದ ಗುಳಿ ಹಳದಿಯಾಗಿಯೇ ಉಳಿಯುತ್ತದೆ. ಒಂದು ಕಡೆ ನೇರಳೆ, ಇನ್ನೊಂದು ಕಡೆ ಹಳದಿ, ನಡುವೆ ಬಣ್ಣ ಮಾಸುತ್ತಾ ಹೋಗುವ ಸಾಲು. ಯುವ ಸಂಶೋಧಕನಿಗೆ ಆ ನೋಟ ಕೊಡುವ ಪುಲಕ ಸಾಮಾನ್ಯವಲ್ಲ. ಔಷಧಿಯೇ ಸಿಕ್ಕಿತು ಎಂದು ಅನ್ನಿಸಿಬಿಡುತ್ತದೆ.

ನನಗೂ ಒಮ್ಮೆ ಹಾಗೆಯೇ ಅನ್ನಿಸಿತ್ತು. ಪಾಲಿಫಿನಾಲ್ ಎಂಬ ಸಸ್ಯಜನ್ಯ ಅಣುಗಳು ತುಂಬಿದ್ದ ಒಂದು ಎಲೆಯ ಸಾರ ಅರ್ಧ ತಟ್ಟೆಯನ್ನು ಹಳದಿಯಾಗಿಸಿತ್ತು. ನನ್ನ ಮಾರ್ಗದರ್ಶಕರು ತಟ್ಟೆಯನ್ನು ನೋಡಿ, ಕೆಟಲೇಸ್ ಹಾಕಿ ಮತ್ತೆ ಮಾಡು ಎಂದಷ್ಟೇ ಹೇಳಿದರು. ಕೆಟಲೇಸ್ ಎಂದರೆ ಹೈಡ್ರೋಜನ್ ಪೆರಾಕ್ಸೈಡನ್ನು ಒಡೆಯುವ ಕಿಣ್ವ. ಮಾಡಿದೆ. ಕೋಶಗಳೆಲ್ಲ ಬದುಕಿ ಕುಳಿತವು, ತಟ್ಟೆ ಪೂರ್ತಿ ನೇರಳೆ. ಅಂದರೆ ಕೊಂದದ್ದು ಎಲೆಯ ಅಣುವೇ ಅಲ್ಲ. ಆ ಅಣು ಪೋಷಕ ದ್ರವದಲ್ಲಿ ಗಾಳಿಯ ಆಮ್ಲಜನಕದೊಂದಿಗೆ ವರ್ತಿಸಿ ಪೆರಾಕ್ಸೈಡ್ ಹುಟ್ಟಿಸಿತ್ತು, ಆ ಪೆರಾಕ್ಸೈಡ್ ಕೋಶಗಳನ್ನು ಸುಟ್ಟಿತ್ತು. ರಕ್ತದಲ್ಲಿ ಕೆಟಲೇಸ್ ಧಾರಾಳವಾಗಿರುವುದರಿಂದ ದೇಹದೊಳಗೆ ಈ ಘಟನೆ ನಡೆಯುವುದೇ ಇಲ್ಲ. ಹಸಿರು ಚಹಾದ ಮುಖ್ಯ ಅಂಶವಾದ ಇಜಿಸಿಜಿಯೂ ತಟ್ಟೆಯಲ್ಲಿ ಹೀಗೆಯೇ ಪೆರಾಕ್ಸೈಡ್ ಹುಟ್ಟಿಸುತ್ತದೆ ಎಂಬುದು ಈ ಕ್ಷೇತ್ರದಲ್ಲಿ ಚೆನ್ನಾಗಿ ಗೊತ್ತಿರುವ ಸಂಗತಿ. ‘ಈ ಗಿಡ ಕ್ಯಾನ್ಸರ್ ಕೋಶಗಳನ್ನು ಕೊಂದಿತು’ ಎಂಬ ತಲೆಬರಹ ಕಂಡಾಗಲೆಲ್ಲ ನನಗೆ ಆ ನೇರಳೆ ತಟ್ಟೆಯ ನೆನಪಾಗುತ್ತದೆ.

ಕೊಂದದ್ದು ನಿಜವಾಗಿಯೂ ಗಿಡದ ಅಣುವೇ ಆಗಿದ್ದರೂ ಮುಂದಿನ ಪ್ರಶ್ನೆ ಪ್ರಮಾಣದ್ದು. ಕರ್ಕ್ಯುಮಿನ್ ಇದಕ್ಕೆ ಒಳ್ಳೆಯ ಉದಾಹರಣೆ. ಅರಿಶಿನದ ಒಣ ಗೆಡ್ಡೆಯ ತೂಕದಲ್ಲಿ ನೂರಕ್ಕೆ ಮೂರು ಪಾಲಿನ ಆಸುಪಾಸು ಇರುವ ಈ ಹಳದಿ ಅಣುವಿನ ಬಗ್ಗೆ ಸಾವಿರಾರು ಲೇಖನಗಳು ಬಂದಿವೆ. ತಟ್ಟೆಯಲ್ಲಿ ಅದು ಕ್ಯಾನ್ಸರ್ ಕೋಶಗಳ ಹತ್ತಾರು ದಾರಿಗಳನ್ನು ತಡೆಯುವುದು ಕಾಣುತ್ತದೆ. ಅದಕ್ಕೆ ಸಾಮಾನ್ಯವಾಗಿ ಬೇಕಾಗುವ ಸಾಂದ್ರತೆ ಹತ್ತರಿಂದ ಐವತ್ತು ಮೈಕ್ರೋಮೋಲಾರ್. ಮನುಷ್ಯರು ದಿನಕ್ಕೆ ಎಂಟು ಗ್ರಾಂ ನುಂಗಿದ ಪ್ರಯೋಗಗಳಲ್ಲೂ ರಕ್ತದಲ್ಲಿ ಕಂಡದ್ದು ಹೆಚ್ಚೆಂದರೆ ಎರಡು ಮೈಕ್ರೋಮೋಲಾರ್‌ನ ಒಳಗೆ, ಅನೇಕ ಸಲ ಅದರ ನೂರನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಕರುಳು ಅದನ್ನು ಸರಿಯಾಗಿ ಹೀರುವುದಿಲ್ಲ. ಹೀರಿದ ಅಲ್ಪವನ್ನೂ ಯಕೃತ್ತು ಕೂಡಲೇ ಮಾರ್ಪಡಿಸಿ ಹೊರಗೆ ಕಳುಹಿಸುತ್ತದೆ. ಅಣುವೂ ಗಟ್ಟಿಯಲ್ಲ, ನಮ್ಮ ರಕ್ತದಷ್ಟೇ ಕ್ಷಾರೀಯವಾದ ದ್ರಾವಣದಲ್ಲಿಟ್ಟರೆ ಅರ್ಧ ಗಂಟೆಯಲ್ಲಿ ಹೆಚ್ಚಿನ ಪಾಲು ಒಡೆದುಹೋಗುತ್ತದೆ. ಔಷಧ ರಸಾಯನಶಾಸ್ತ್ರದ ಪರಿಣತರ ತಂಡವೊಂದು 2017ರಲ್ಲಿ ಈ ಸಾಹಿತ್ಯವನ್ನೆಲ್ಲ ಜಾಲಾಡಿ, ಕರ್ಕ್ಯುಮಿನ್ ಅಸ್ಥಿರ, ಎಲ್ಲದರೊಂದಿಗೂ ವರ್ತಿಸುವಂಥದ್ದು, ದೇಹಕ್ಕೆ ದಕ್ಕದಂಥದ್ದು ಎಂಬ ತೀರ್ಮಾನಕ್ಕೆ ಬಂದಿತು. ನನಗೂ ಅದೇ ಸರಿ ಎನ್ನಿಸುತ್ತದೆ.

ಹಾಗಾದರೆ ಗಿಡಗಳಿಂದ ಏನೂ ಬರಲಿಲ್ಲವೇ? ಬಂದಿದೆ, ಅದೂ ಕ್ಯಾನ್ಸರ್ ಚಿಕಿತ್ಸೆಯ ಕಂಬಗಳಂಥ ಔಷಧಿಗಳೇ ಬಂದಿವೆ. ನಿತ್ಯಪುಷ್ಪವನ್ನು ನೀವು ನೋಡಿರುತ್ತೀರಿ, ಐದು ಎಸಳಿನ ಗುಲಾಬಿ ಅಥವಾ ಬಿಳಿ ಹೂವು. ಮಡಗಾಸ್ಕರ್ ಮೂಲದ ಈ ಗಿಡದ ಎಲೆಯ ಕಷಾಯ ಮಧುಮೇಹಕ್ಕೆ ಒಳ್ಳೆಯದು ಎಂಬ ನಂಬಿಕೆ ಹಲವು ದೇಶಗಳಲ್ಲಿತ್ತು. 1950ರ ದಶಕದಲ್ಲಿ ಜಮೈಕಾದಿಂದ ಬಂದ ಎಲೆಗಳನ್ನು ಕೆನಡಾದ ವೆಸ್ಟರ್ನ್ ಒಂಟಾರಿಯೋ ವಿಶ್ವವಿದ್ಯಾಲಯದಲ್ಲಿ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬಿಯರ್ ಪರೀಕ್ಷಿಸಿದರು. ಇಲಿಗಳ ಸಕ್ಕರೆ ಅಂಶ ಕದಲಲಿಲ್ಲ. ಆದರೆ ಸಾರವನ್ನು ಚುಚ್ಚಿದ ಇಲಿಗಳು ಸೋಂಕು ತಗುಲಿ ಸಾಯತೊಡಗಿದವು. ಏಕೆಂದು ನೋಡಿದರೆ ಅವುಗಳ ಬಿಳಿ ರಕ್ತಕಣಗಳು ಕುಸಿದಿದ್ದವು. ಇಲಿಗಳು ಸತ್ತವೆಂದು ಎಲೆಯನ್ನು ಬದಿಗಿಟ್ಟಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಬಿಳಿ ಕಣಗಳು ಮಿತಿಮೀರಿ ಬೆಳೆಯುವ ರೋಗವೇ ರಕ್ತದ ಕ್ಯಾನ್ಸರ್ ಅಲ್ಲವೇ ಎಂದು ಅವರು ಯೋಚಿಸಿದರು. ಹಾಗೆ ಆ ಎಲೆಯಿಂದ ವಿನ್‌ಬ್ಲಾಸ್ಟಿನ್ ಎಂಬ ಅಣು ಸಿಕ್ಕಿತು. ಅದರ ಸೋದರ ಅಣು ವಿನ್‌ಕ್ರಿಸ್ಟಿನ್‌ಗೆ ಅಮೆರಿಕದಲ್ಲಿ 1963ರಲ್ಲಿ ಅನುಮತಿ ದೊರೆಯಿತು. ತೀವ್ರ ಲಿಂಫೋಬ್ಲಾಸ್ಟಿಕ್ ಲ್ಯುಕೀಮಿಯಾ ಎಂಬ ಮಕ್ಕಳ ರಕ್ತದ ಕ್ಯಾನ್ಸರ್ ಒಂದು ಕಾಲದಲ್ಲಿ ಮರಣಶಾಸನವೇ ಆಗಿತ್ತು. ವಿನ್‌ಕ್ರಿಸ್ಟಿನ್ ಮತ್ತು ಇತರ ಔಷಧಿಗಳನ್ನು ಸೇರಿಸಿ ಕೊಡುವ ಚಿಕಿತ್ಸೆಯಿಂದ, ಒಳ್ಳೆಯ ಸೌಲಭ್ಯವಿರುವ ಕಡೆ, ಇಂದು ಹತ್ತರಲ್ಲಿ ಸುಮಾರು ಒಂಬತ್ತು ಮಕ್ಕಳು ಗುಣಮುಖರಾಗುತ್ತಾರೆ. ಇದನ್ನು ಬರೆಯುವಾಗ ಈಗಲೂ ನನ್ನ ಮನಸ್ಸು ತುಂಬಿಬರುತ್ತದೆ.

ಆದರೆ ನಿತ್ಯಪುಷ್ಪದ ಕಷಾಯ ಕುಡಿದು ಆ ಮಕ್ಕಳು ಗುಣವಾಗಲಿಲ್ಲ. ಒಂದು ಗ್ರಾಂ ವಿನ್‌ಬ್ಲಾಸ್ಟಿನ್ ಬೇಕೆಂದರೆ ಸುಮಾರು 500 ಕಿಲೋ ಒಣ ಎಲೆ ಬೇಕು. ವಿನ್‌ಕ್ರಿಸ್ಟಿನ್ ಅದಕ್ಕಿಂತಲೂ ಅಪರೂಪ. ವಯಸ್ಕರಿಗೂ ಒಂದು ಸಲಕ್ಕೆ ಅದನ್ನು ಸಾಮಾನ್ಯವಾಗಿ ಎರಡು ಮಿಲಿಗ್ರಾಂ ಮೀರಿ ಕೊಡುವುದಿಲ್ಲ, ರಕ್ತನಾಳಕ್ಕೆ ಮಾತ್ರ ಚುಚ್ಚುತ್ತಾರೆ. ಕೈತಪ್ಪಿ ಬೆನ್ನುಹುರಿಯ ದ್ರವಕ್ಕೆ ಹೋದರೆ ರೋಗಿ ಉಳಿಯುವುದು ಬಹಳ ಅಪರೂಪ. ಗಿಡದ್ದೇ ಅಣು, ಅಷ್ಟು ಸೌಮ್ಯ!

ಪ್ಯಾಕ್ಲಿಟಾಕ್ಸೆಲ್ ಎಂಬ ಇನ್ನೊಂದು ಕ್ಯಾನ್ಸರ್ ಔಷಧಿಯದು ಇನ್ನೂ ದೀರ್ಘ ಕಥೆ. ಪೆಸಿಫಿಕ್ ಯೂ ಎಂಬ ಮರದ ತೊಗಟೆಯನ್ನು ಅಮೆರಿಕದ ವಾಷಿಂಗ್ಟನ್ ರಾಜ್ಯದ ಕಾಡಿನಿಂದ ಸಂಗ್ರಹಿಸಿದ್ದು 1962ರಲ್ಲಿ. ಮನ್ರೋ ವಾಲ್ ಮತ್ತು ಮನ್ಸುಖ್ ವಾನಿ ಅದರೊಳಗಿನ ಅಣುವಿನ ರಚನೆಯನ್ನು ಪ್ರಕಟಿಸಿದ್ದು 1971ರಲ್ಲಿ. ಅದು ಹೇಗೆ ಕೆಲಸ ಮಾಡುತ್ತದೆ ಎಂದು ಸೂಸನ್ ಹಾರ್ವಿಟ್ಜ್ ತೋರಿಸಿದ್ದು 1979ರಲ್ಲಿ. ಅಂಡಾಶಯದ ಕ್ಯಾನ್ಸರ್‌ಗೆ ಅನುಮತಿ ಸಿಕ್ಕಿದ್ದು 1992ರ ಕೊನೆಯಲ್ಲಿ. ಮೂವತ್ತು ವರ್ಷ. ತೊಗಟೆ ಸುಲಿದರೆ ಮರ ಸಾಯುತ್ತದೆ, ಒಬ್ಬ ರೋಗಿಗೆ ಹಲವು ಮರಗಳು ಬೇಕು, ಮರವೋ ಬಹಳ ನಿಧಾನವಾಗಿ ಬೆಳೆಯುವಂಥದ್ದು. ಕೊನೆಗೆ ಯುರೋಪಿನ ಯೂ ಮರದ ಎಲೆಗಳಿಂದ ಮೂಲ ಅಣುವನ್ನು ತೆಗೆದು ಪ್ರಯೋಗಾಲಯದಲ್ಲಿ ಪೂರ್ಣಗೊಳಿಸುವ ದಾರಿ ಸಿಕ್ಕಿತು. ಎಲೆ ಕೊಯ್ದರೆ ಮತ್ತೆ ಚಿಗುರುತ್ತದೆ.

ಈ ಎರಡು ಔಷಧಿಗಳು ಕೋಶದೊಳಗೆ ಮಾಡುವ ಕೆಲಸ ತುಂಬ ಸೊಗಸಾದದ್ದು. ಕೋಶವೊಂದು ಎರಡಾಗುವಾಗ ವರ್ಣತಂತುಗಳನ್ನು ಎರಡೂ ಬದಿಗೆ ಎಳೆಯಲು ಟ್ಯೂಬುಲಿನ್ ಎಂಬ ಪ್ರೋಟೀನಿನಿಂದ ಹಗ್ಗದಂಥ ಸೂಕ್ಷ್ಮನಾಳಗಳನ್ನು ಹೊಸೆಯುತ್ತದೆ. ಕೆಲಸ ಸಾಗಿದಂತೆ ಅವುಗಳನ್ನು ಬಿಚ್ಚುತ್ತದೆ. ವಿನ್‌ಕ್ರಿಸ್ಟಿನ್ ಹಗ್ಗ ಹೊಸೆಯಲು ಬಿಡುವುದಿಲ್ಲ. ಪ್ಯಾಕ್ಲಿಟಾಕ್ಸೆಲ್ ಹೊಸೆದ ಹಗ್ಗವನ್ನು ಬಿಚ್ಚಲು ಬಿಡುವುದಿಲ್ಲ. ಎರಡರಲ್ಲೂ ಕೋಶ ಅರ್ಧದಲ್ಲಿ ಸಿಕ್ಕಿಹಾಕಿಕೊಂಡು ಸಾಯುತ್ತದೆ. ಬೆರಳ ತುದಿಯವರೆಗೆ ಚಾಚಿದ ನಮ್ಮ ಉದ್ದನೆಯ ನರಗಳೂ ಸಾಮಾನು ಸಾಗಿಸಲು ಇದೇ ನಾಳಗಳನ್ನು ನೆಚ್ಚಿಕೊಂಡಿವೆ. ಈ ಔಷಧಿಗಳಿಂದ ಕೈಕಾಲು ಜೋಮು ಹಿಡಿಯುವುದು ಅದಕ್ಕೇ. ಕ್ಯಾನ್ಸರ್ ಕೋಶ ನಮ್ಮದೇ ಕೋಶದ ಕೆಟ್ಟ ರೂಪವಾದ್ದರಿಂದ, ಅದನ್ನು ನಿಜವಾಗಿಯೂ ಕೊಲ್ಲಬಲ್ಲ ವಸ್ತುವಿಗೆ ಉಳಿದ ದೇಹದ ಮೇಲೆ ಏನೂ ಆಗುವುದಿಲ್ಲ ಎನ್ನುವವರ ಮಾತನ್ನು ನಾನು ನಂಬುವುದಿಲ್ಲ.

ನಿಮ್ಮ ತಾಯಿಯವರ ಕಾಯಿಲೆಗೇ ಸಂಬಂಧಿಸಿದ ಒಂದು ಮರವೂ ಇದೆ. ಚೀನಾದ ಕ್ಯಾಂಪ್ಟೋಥೆಕಾ ಮರದಿಂದ ಅದೇ ವಾಲ್ ಮತ್ತು ವಾನಿ 1966ರಲ್ಲಿ ಕ್ಯಾಂಪ್ಟೋಥೆಸಿನ್ ಎಂಬ ಅಣುವನ್ನು ಬೇರ್ಪಡಿಸಿದರು. 1970ರ ದಶಕದ ಆರಂಭದ ಪ್ರಯೋಗಗಳಲ್ಲಿ ರೋಗಿಗಳ ಮೂತ್ರಕೋಶಕ್ಕೆ ತೀವ್ರ ಹಾನಿಯಾಗಿ ಅದನ್ನು ಕೈಬಿಡಬೇಕಾಯಿತು. ವರ್ಷಗಳ ನಂತರ ಅಣುವನ್ನು ತಿದ್ದಿ ಮಾಡಿದ ಇರಿನೋಟೆಕಾನ್ ಇಂದು ಮುಂದುವರಿದ ಕರುಳಿನ ಕ್ಯಾನ್ಸರ್‌ನಲ್ಲಿ ಜಗತ್ತಿನೆಲ್ಲೆಡೆ ಬಳಕೆಯಲ್ಲಿದೆ. ಗಿಡದ ಔಷಧಿ ಬೇಕು ಎನ್ನುವ ನಿಮ್ಮ ಬಂಧುಗಳಿಗೆ ಇದನ್ನು ಹೇಳಿ. ಆಸ್ಪತ್ರೆಯ ಕಪಾಟಿನಲ್ಲಿ ಗಿಡಗಳು ಆಗಲೇ ಇವೆ, ತೂಗಿ, ತಿದ್ದಿ, ಪರೀಕ್ಷಿಸಿ ಇಟ್ಟ ರೂಪದಲ್ಲಿ.

ಈಗ ಎರಡನೆಯ ಪ್ರಶ್ನೆ, ಕೀಮೋ ಜೊತೆಗೆ ಇವುಗಳನ್ನು ಕೊಡಬಹುದೇ? ಜನ ಸಾಮಾನ್ಯವಾಗಿ ‘ಉಪಕಾರವಾಗದಿದ್ದರೂ ಅಪಕಾರವಂತೂ ಇಲ್ಲ’ ಎಂದುಕೊಳ್ಳುತ್ತಾರೆ. ನನ್ನ ಆತಂಕವಿರುವುದು ಅಲ್ಲಿಯೇ. ಖಿನ್ನತೆಗೆಂದು ಬಳಸುವ ಸೇಂಟ್ ಜಾನ್ಸ್ ವರ್ಟ್ ಎಂಬ ಮೂಲಿಕೆಯನ್ನು ಇರಿನೋಟೆಕಾನ್ ಜೊತೆ ಕೊಟ್ಟು ನೋಡಿದ ಒಂದು ಪುಟ್ಟ ಅಧ್ಯಯನದಲ್ಲಿ, ಔಷಧಿಯ ಸಕ್ರಿಯ ರೂಪ ರಕ್ತದಲ್ಲಿ ಶೇ 42ರಷ್ಟು ಇಳಿದಿತ್ತು. ಮೂಲಿಕೆ ಯಕೃತ್ತಿನ ಕಿಣ್ವಗಳನ್ನು ಚುರುಕುಗೊಳಿಸಿ ಔಷಧಿಯನ್ನು ಬೇಗ ಹೊರದಬ್ಬಿತ್ತು. ರೋಗಿ ಕೀಮೋಗೆ ಒಳಗಾಗುತ್ತಾರೆ, ಔಷಧಿಯ ಬಲ ಮಾತ್ರ ಕುಗ್ಗಿರುತ್ತದೆ. ಹಸಿರು ಚಹಾದ ಇಜಿಸಿಜಿ, ಮಲ್ಟಿಪಲ್ ಮೈಲೋಮಾ ಎಂಬ ರಕ್ತದ ಕ್ಯಾನ್ಸರ್‌ಗೆ ಕೊಡುವ ಬೋರ್ಟೆಝೋಮಿಬ್ ಎಂಬ ಔಷಧಿಯನ್ನು ನೇರವಾಗಿ ಹಿಡಿದುಕೊಂಡು ಕೆಲಸ ಮಾಡದಂತೆ ತಡೆಯುವುದು 2009ರಲ್ಲಿ ಇಲಿಗಳಲ್ಲಿ ಕಂಡುಬಂದಿದೆ. ನಿಮ್ಮ ತಾಯಿಯವರಿಗೆ ಕೊಡುವ ಔಷಧಿ ಅದಲ್ಲ, ನಿಜ. ಆದರೆ ಅವರ ಯಕೃತ್ತು ಒಂದೇ ಅಲ್ಲವೇ? ಹಸಿರು ಚಹಾದ ಸಾಂದ್ರ ಸಾರದಿಂದಲೂ, ಮೆಣಸಿನ ಪೈಪರಿನ್ ಸೇರಿಸಿದ ಕರ್ಕ್ಯುಮಿನ್ ಮಾತ್ರೆಗಳಿಂದಲೂ ಯಕೃತ್ತಿಗೆ ಪೆಟ್ಟು ಬಿದ್ದ ಪ್ರಕರಣಗಳು ವೈದ್ಯಕೀಯ ಸಾಹಿತ್ಯದಲ್ಲಿ ದಾಖಲಾಗಿವೆ. ಕರುಳಿನ ಕ್ಯಾನ್ಸರ್‌ಗೆ ಕೊಡುವ ಕ್ಯಾಪೆಸಿಟಬಿನ್ ಮಾತ್ರೆ ಸಕ್ರಿಯವಾಗುವ ದಾರಿ ಯಕೃತ್ತಿನಿಂದಲೇ ಶುರುವಾಗುತ್ತದೆ. ರಕ್ತಪರೀಕ್ಷೆಯಲ್ಲಿ ಯಕೃತ್ತಿನ ಅಂಕಿಗಳು ಏರಿದರೆ ವೈದ್ಯರು ಕೀಮೋ ನಿಲ್ಲಿಸಬೇಕಾಗುತ್ತದೆ. ಯಾವ ವಸ್ತುವಿನಿಂದ ಏರಿತು ಎಂಬುದು ಅವರಿಗೆ ತಿಳಿಯುವುದೂ ಇಲ್ಲ, ನೀವು ಹೇಳದ ಹೊರತು.

ಆಹಾರದಲ್ಲಿ ಒಳ್ಳೆಯದಾಗಿ ಕಂಡದ್ದು ಮಾತ್ರೆಯಾಗಿ ಕೆಡುಕಾದ ಉದಾಹರಣೆಯೂ ಇದೆ. ತರಕಾರಿಗಳಲ್ಲಿರುವ ಬೀಟಾ ಕ್ಯಾರೋಟಿನ್ ಎಂಬ ಅಣುವನ್ನು ಹೆಚ್ಚು ತಿನ್ನುವವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಎಂದು ಕಂಡಿತ್ತು. ಫಿನ್‌ಲೆಂಡಿನಲ್ಲಿ 29 ಸಾವಿರಕ್ಕೂ ಹೆಚ್ಚು ಧೂಮಪಾನಿ ಗಂಡಸರನ್ನು ಒಳಗೊಂಡ ಪ್ರಯೋಗದಲ್ಲಿ ಅದನ್ನು ಮಾತ್ರೆಯಾಗಿ ಕೊಟ್ಟರು. 1994ರಲ್ಲಿ ಫಲಿತಾಂಶ ಬಂದಾಗ, ಮಾತ್ರೆ ತೆಗೆದುಕೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ 18ರಷ್ಟು ಹೆಚ್ಚಾಗಿತ್ತು. ತರಕಾರಿಯಲ್ಲಿರುವ ಅಣು ಮಾತ್ರೆಯಲ್ಲಿ ಬೇರೆಯೇ ಆಟವಾಡಿತು.

ಚಿಕಿತ್ಸೆಯನ್ನು ಬಿಟ್ಟು ಪರ್ಯಾಯ ದಾರಿಯನ್ನೇ ಹಿಡಿದವರಿಗೆ ಏನಾಯಿತು ಎಂಬ ಲೆಕ್ಕವೂ ಸಿಗುತ್ತದೆ. 2018ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು, ಬೇರೆ ಅಂಗಗಳಿಗೆ ಹರಡದ ಹಂತದಲ್ಲೇ ಪರ್ಯಾಯ ಚಿಕಿತ್ಸೆಯನ್ನಷ್ಟೇ ಆರಿಸಿಕೊಂಡ 281 ಜನರನ್ನು ನೋಡಿತು. ಮಾಮೂಲಿ ಚಿಕಿತ್ಸೆ ಪಡೆದವರಿಗೆ ಹೋಲಿಸಿದರೆ ಸಾವಿನ ಅಪಾಯ ಅವರಲ್ಲಿ ಎರಡೂವರೆ ಪಟ್ಟು ಇತ್ತು. ಕರುಳಿನ ಕ್ಯಾನ್ಸರ್ ಇದ್ದವರಲ್ಲಿ ಸುಮಾರು ನಾಲ್ಕೂವರೆ ಪಟ್ಟು. ಆ ಗುಂಪು ಚಿಕ್ಕದಾದ್ದರಿಂದ ಅಂಕಿ ಸ್ವಲ್ಪ ಅತ್ತಿತ್ತ ಆಗಬಹುದು, ದಿಕ್ಕು ಮಾತ್ರ ಬದಲಾಗುವುದಿಲ್ಲ.

ಬಂಧುಗಳೊಂದಿಗೆ ಜಗಳವಾಡಬೇಡಿ. ಅವರು ಕಾಳಜಿಯಿಂದಲೇ ತಂದುಕೊಟ್ಟಿದ್ದಾರೆ. ಮನೆಯಲ್ಲಿರುವ ಎಲ್ಲ ಶೀಶೆ, ಪುಡಿ, ಕ್ಯಾಪ್ಸೂಲ್‌ಗಳನ್ನು ಒಂದು ಚೀಲಕ್ಕೆ ಹಾಕಿ ಮುಂದಿನ ಭೇಟಿಯಲ್ಲಿ ಕ್ಯಾನ್ಸರ್ ತಜ್ಞರ ಮೇಜಿನ ಮೇಲಿಡಿ. ಸಾಮಾನ್ಯ ವಿಟಮಿನ್ ಮಾತ್ರೆಗಳನ್ನೂ ಸೇರಿಸಿ, ಏಕೆಂದರೆ ಫೋಲಿಕ್ ಆಮ್ಲ ಕ್ಯಾಪೆಸಿಟಬಿನ್‌ನ ಅಡ್ಡಪರಿಣಾಮವನ್ನು ಹೆಚ್ಚಿಸಬಲ್ಲದು. ಬೈದುಬಿಡುತ್ತಾರೆ ಎಂದು ಹೆದರಿ ಮುಚ್ಚಿಡುವವರು ಬಹಳ. ಒಳ್ಳೆಯ ವೈದ್ಯರು ಬೈಯುವುದಿಲ್ಲ, ಪಟ್ಟಿ ಮಾಡಿಕೊಳ್ಳುತ್ತಾರೆ. ತಾಯಿಯವರಿಗೆ ಕೀಮೋದ ಭಯವಿದ್ದರೆ ಅದನ್ನೂ ಅಲ್ಲಿಯೇ ಹೇಳಿ. ವಾಂತಿ ತಡೆಯುವ ಔಷಧಿಗಳು ಈಗ ಬಹಳ ಸುಧಾರಿಸಿವೆ. ಜೋಮು ಹೆಚ್ಚಾದರೆ ಪ್ರಮಾಣ ಇಳಿಸುವ ದಾರಿಯೂ ಇದೆ.

ಕೊನೆಯದಾಗಿ ಹಣ್ಣಿನ ವಿಷಯ. ಲಕ್ಷ್ಮಣಫಲದ ತಿರುಳಲ್ಲೂ ಎಲೆಯಲ್ಲೂ ಅನೋನಾಸಿನ್ ಎಂಬ ಅಣುವಿದೆ. ಅದು ಕೋಶಗಳು ಶಕ್ತಿ ಉತ್ಪಾದಿಸುವ ಮೈಟೋಕಾಂಡ್ರಿಯಾವನ್ನು ಕಟ್ಟಿಹಾಕುತ್ತದೆ. ತಟ್ಟೆಯಲ್ಲಿ ಕ್ಯಾನ್ಸರ್ ಕೋಶ ಸಾಯುವುದು ಹಾಗೆ, ನರಕೋಶ ಸಾಯುವುದೂ ಹಾಗೆಯೇ. ಕೆರಿಬಿಯನ್‌ನ ಗ್ವಾಡಲೂಪ್ ದ್ವೀಪದಲ್ಲಿ ಪಾರ್ಕಿನ್ಸನ್‌ನಂಥ, ಆದರೆ ಮಾಮೂಲಿ ಔಷಧಿಗೆ ಬಗ್ಗದ ಕಾಯಿಲೆ ಅಸಹಜವಾಗಿ ಹೆಚ್ಚಿರುವುದನ್ನು 1990ರ ದಶಕದ ಕೊನೆಯಲ್ಲಿ ನರತಜ್ಞರು ಗಮನಿಸಿದರು. ಈ ಹಣ್ಣು ಮತ್ತು ಎಲೆಯ ಕಷಾಯದ ನಿತ್ಯ ಬಳಕೆಯೊಂದಿಗೆ ಅದಕ್ಕೆ ನಂಟು ಕಂಡಿತು. ಇಲಿಗಳಿಗೆ ಅನೋನಾಸಿನ್ ಕೊಟ್ಟಾಗ ಮಿದುಳಿನ ಕೋಶಗಳು ನಶಿಸಿದವು. ನಿಮ್ಮ ತಾಯಿಯವರಿಗೆ ಆಕ್ಸಾಲಿಪ್ಲಾಟಿನ್ ಕೊಡುವ ಸಾಧ್ಯತೆ ಹೆಚ್ಚು, ಅದು ಮೊದಲೇ ನರಗಳನ್ನು ನೋಯಿಸುವ ಔಷಧಿ. ಆದ್ದರಿಂದ ಎಲೆಯ ಕಷಾಯ, ಬೀಜದ ಪುಡಿ, ಕ್ಯಾಪ್ಸೂಲ್ ಬೇಡವೇ ಬೇಡ. ಹಣ್ಣಿನ ರುಚಿ ಅವರಿಗೆ ಇಷ್ಟವಾಗಿದ್ದರೆ ಎಂದಾದರೊಮ್ಮೆ ಬೀಜ ತೆಗೆದ ಒಂದು ಹೋಳು ತಿನ್ನಬಹುದೇ ಎಂದು ವೈದ್ಯರನ್ನು ಕೇಳಿ, ಒಪ್ಪಿದರೆ ಹಣ್ಣೆಂದು ತಿನ್ನಲಿ.